ಪುದುಚೇರಿಯ ಮಳೆಗೆ ಎರಡು ಅಂಕ

ನನಗೆ ಸಿಟ್ಟು ಜಾಸ್ತಿ ಎಂಬುದನ್ನು ಹೆಂಡತಿ ಹೇಳುವ ಮೊದಲೇ ನಾನೇ ಒಪ್ಪಿಕೊಂಡುಬಿಡುತ್ತೇನೆ. ಎದುರಿನವರು ತಪ್ಪು ಹೇಳಿದರೆ ಬರುವುದು ಸಣ್ಣ ಸಿಟ್ಟು. ಅವರು ಹೇಳುತ್ತಿರುವುದು ಸರಿಯಿರಬಹುದೇನೋ ಎಂಬ ಅನುಮಾನ ಹುಟ್ಟಿದಾಗ ಬರುವುದೇ ನಿಜವಾದ ಸಿಟ್ಟು. ಕಳೆದ ವರ್ಷ ಅಂಥದ್ದೊಂದು ಪುದುಚೇರಿಯ ಮಳೆಯ ದೆಸೆಯಿಂದ ಬಂತು.

ಕೊಡಗಿನ ಕುಶಾಲನಗರದ ಹತ್ತಿರದ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಪುದುಚೇರಿಗೆ ಹೆಚ್ಚು ಮಳೆ ಯಾವಾಗ ಎಂದು ಒಂಬತ್ತನೇ ತರಗತಿಯ ವಾರ್ಷಿಕ ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳಿದ್ದೆ. ಅಕ್ಟೋಬರ್‌ನಿಂದ ಡಿಸೆಂಬರ್, ಈಶಾನ್ಯ ಮಾರುತ ಎಂದು ಇಡೀ ತರಗತಿ ಬರೆದಿತ್ತು. ರಜಿಷಾ ಎಂಬ ಹುಡುಗಿ ಮಾತ್ರ 'ಜೂನ್, ಜುಲೈ. ಬಾವಿ ತುಂಬಿ ಹರಿಯುತ್ತದೆ' ಎಂದು ಬರೆದಿದ್ದಳು. ಬಾವಿಯನ್ನೂ ಸೇರಿಸಿ ಕೆಂಪು ಗೀಟು ಎಳೆದೆ. ಆ ಎರಡೇ ಅಂಕದಲ್ಲಿ ಹುಡುಗಿ ಫೇಲಾದಳು. ಫೇಲಾದರೆ ಶಾಲೆ ಬಿಡಿಸಿ ಟೈಲರಿಂಗಿಗೆ ಹಾಕುವುದಾಗಿ ಅವಳ ಅಪ್ಪ ಮೊದಲೇ ಹೇಳಿದ್ದನಂತೆ.

ಮಾರನೆಯ ದಿನ ಅವಳ ತಾಯಿ ಮಗಳನ್ನು ಕರೆದುಕೊಂಡು ಮುಖ್ಯೋಪಾಧ್ಯಾಯಿನಿಯ ಕೋಣೆಗೇ ಬಂದರು. ನನಗೂ ಅಲ್ಲಿಗೆ ಕರೆ ಬಂತು.

"ಸಾರ್, ನಾನು ಹುಟ್ಟಿದ್ದು ಮಾಹೆಯಲ್ಲಿ. ಮಾಹೆ ಪುದುಚೇರಿಗೆ ಸೇರಿದ್ದಲ್ವಾ? ಜೂನಲ್ಲಿ ನಮ್ಮನೆ ಜಗಲಿ ತನಕ ನೀರು ಬರ್ತದೆ."

ನನಗೆ ಮೊದಲು ಸಿಟ್ಟು ಬಂದದ್ದು ಫ್ರೆಂಚರ ಮೇಲೆ. ಆಳುವವರು ಒಂದೇ ಕಡೆ ಆಳಬಾರದಿತ್ತೇ? ಪುದುಚೇರಿ ಮತ್ತು ಕಾರೈಕಲ್ ತಮಿಳುನಾಡಿನ ಮಗ್ಗುಲಲ್ಲಿ. ಯಾನಂ ದೂರದ ಆಂಧ್ರದಲ್ಲಿ, ಗೋದಾವರಿಯ ಬದಿಗೆ. ಮಾಹೆಯಂತೂ ಇವರೆಲ್ಲರಿಗೆ ಬೆನ್ನು ಹಾಕಿ ಕೇರಳದ ಕಡಲಿಗೆ ಮುಖ ಮಾಡಿ ಕೂತಿದೆ. ಒಂದು ಊರು ಕೊಡೆ ಬಿಚ್ಚುವಾಗ ಇನ್ನೊಂದು ಬೆವರು ಒರೆಸಿಕೊಳ್ಳುತ್ತದೆ. ಇಷ್ಟೂ ಊರಿಗೆ ಸೇರಿಸಿ ಒಂದೇ ಹೆಸರಿಟ್ಟವರ ಮೇಲೆ ಎರಡನೆಯ ಸಿಟ್ಟು. ಮೂರನೆಯದು ನನ್ನ ಸಹೋದ್ಯೋಗಿಗಳ ಮೇಲೆ. ವಿರಾಜಪೇಟೆಯಿಂದ ಘಾಟಿ ಇಳಿದು ಮಾಹೆಗೆ ಹೋಗಿಬರುವವರು ಅವರಲ್ಲಿ ಬೇಕಾದಷ್ಟು ಜನರಿದ್ದಾರೆ. ಆದರೆ ಅಲ್ಲಿ ಬಾಟಲಿ ಅಗ್ಗ, ಮಳೆಯನ್ನು ಗಮನಿಸುವ ಸ್ಥಿತಿಯಲ್ಲಿ ಯಾರೂ ಹಿಂತಿರುಗುವುದಿಲ್ಲ.

ಮಾಹೆ ಅಂಗೈಯಗಲದ ಊರು, ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂದು ದನಿ ಏರಿಸಿ ವಾದಿಸಿದೆ. ಅಷ್ಟು ಹೊತ್ತು ನೆಲ ನೋಡುತ್ತಿದ್ದ ರಜಿಷಾ ಮೆಲ್ಲಗೆ ಹೇಳಿದಳು:

"ಸಾರ್, ಜುಲೈಯಲ್ಲಿ ಮಡಿಕೇರಿ ಕಡೆ ಮಳೆ ಅಂತ ಜಿಲ್ಲೆಗೆಲ್ಲಾ ರಜೆ ಕೊಟ್ರು. ಇಲ್ಲಿ ಬಿಸಿಲಿತ್ತು. ಆವತ್ತು ನೀವು ಕೊಡಗಲ್ಲಿ ಮಳೆ ಇಲ್ಲ ಅಂತ ಹೇಳ್ಲಿಲ್ಲ."

ಹೇಳುವುದು ಹೇಗೆ? ಆ ರಜೆಯ ದಿನ ನಾನು ಅಂಗಳದ ಬಿಸಿಲಲ್ಲಿ ಸ್ಕೂಟರ್ ತೊಳೆಯುತ್ತಿದ್ದೆ. ಮುಖ್ಯೋಪಾಧ್ಯಾಯಿನಿ ಉತ್ತರಪತ್ರಿಕೆಯನ್ನು ನನ್ನತ್ತ ತಳ್ಳಿದರು. ಕಾಗದ ತೂತಾಗುವಷ್ಟು ಒತ್ತಿ ಎರಡು ಅಂಕ ಬರೆದೆ. ಹುಡುಗಿ ಪಾಸಾದಳು; ಈಗ ಹತ್ತನೇ ತರಗತಿಯಲ್ಲಿ ನನ್ನೆದುರು ಮೊದಲ ಬೆಂಚಿನಲ್ಲೇ ಕೂರುತ್ತಾಳೆ.

ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಹೊರಡುವಾಗ ತಾಯಿ ಕೈಮುಗಿದು, ಜೂನ್‌ನಲ್ಲಿ ಒಮ್ಮೆ ತಮ್ಮ ತವರಿಗೆ ಬಂದು ಮಳೆ ನೋಡಿಕೊಂಡು ಹೋಗಬೇಕೆಂದು ಕರೆದರು. ಅದು ಪ್ರೀತಿಯ ಕರೆಯೇ. ನನ್ನ ಕಿವಿಗೆ ಮಾತ್ರ ಅವಮಾನವಾಗಿ ಕೇಳಿಸಿತು.

"ನೋಡೋದೇನಮ್ಮ? ಇಪ್ಪತ್ತೆರಡು ವರ್ಷದಿಂದ ನೋಡದೇ ಪಾಠ ಮಾಡ್ತಿದ್ದೀನಿ" ಎಂದು ಗುಡುಗಿದೆ.

ಮುಖ್ಯೋಪಾಧ್ಯಾಯಿನಿ ಹಾಜರಿ ಪುಸ್ತಕದೊಳಗೆ ಮುಖ ಹುದುಗಿಸಿದರು. ಸೊನ್ನೆ ತೆಗೆದುಕೊಂಡವರನ್ನು ನಾನು ನೋಡುವ ಹಾಗೆಯೇ ರಜಿಷಾ ನನ್ನನ್ನು ನೋಡಿದಳು. ಆ ಮುಖದಲ್ಲಿ ಸಿಟ್ಟು ಇರಲಿಲ್ಲ, 'ಪಾಪ' ಎನ್ನುವ ಭಾವವಿತ್ತು. ಅದನ್ನು ನಾನಿನ್ನೂ ಕ್ಷಮಿಸಿಲ್ಲ.