ಕಂಬಳಿಯ ನಾಲ್ಕು ಮೂಲೆ

ನಮ್ಮ ಚಿಕ್ಕಮ್ಮನ ಕೈಗೆ ದೇಶದ ರಕ್ಷಣೆಯನ್ನು ಒಪ್ಪಿಸಿದರೆ ಶತ್ರುಗಳು ಗಡಿ ದಾಟಲು ಹೆದರುವುದಿಲ್ಲ. ದಾಟಿದ ಮೇಲೆ ಅವಳು ಮಾಡಿಸುವ ಡ್ರಿಲ್ಲಿಗೆ ಹೆದರುತ್ತಾರೆ!

ತಾಲ್ಲೂಕು ಕಚೇರಿಯಲ್ಲಿ ವಿಪತ್ತು ನಿರ್ವಹಣೆಯ ಕಡತ ನೋಡಿಕೊಳ್ಳುತ್ತಿದ್ದವಳು ಅವಳು. ಪಾವಗಡದಲ್ಲಿದ್ದಾಗ ಮೇಲಿನಿಂದ ಒಂದು ರಬ್ಬರ್ ದೋಣಿ ಬಂತಂತೆ. ಬರಗಾಲದ ಪಾವಗಡಕ್ಕೆ ದೋಣಿ! ಇವಳೋ ತಿಂಗಳಿಗೊಮ್ಮೆ ಅದನ್ನು ಕಚೇರಿ ಅಂಗಳಕ್ಕೆ ಎಳೆಸಿ, ಕಾಲಲ್ಲಿ ಪಂಪು ತುಳಿದು ಗಾಳಿ ತುಂಬುತ್ತಿದ್ದಳು. ಪಹಣಿಗೆ ಬಂದವರು ಸಾಲು ಬಿಟ್ಟು ನೋಡುತ್ತಾ ನಿಲ್ಲುತ್ತಿದ್ದರು. ನೀರೆಲ್ಲಿ ಎಂದು ಒಬ್ಬರು ತೆಲುಗಿನಲ್ಲಿ ಕೇಳಿದರಂತೆ, "ನೀಳ್ಳೇವಮ್ಮಾ?" ಇವಳು ಪಂಪು ನಿಲ್ಲಿಸದೆ, "ನೀರು ಬಂದ್ಮೇಲೆ ತೂತು ಹುಡುಕಾಕಾಯ್ತದಾ?" ಅಂದಳಂತೆ.

ನಿವೃತ್ತಿಯಾದ ಮೇಲಾದರೂ ಸುಮ್ಮನಿದ್ದಳೇ? ಮಧುಗಿರಿ ಬೆಟ್ಟದ ಬುಡದ ನಮ್ಮ ಬೀದಿ ಸಿಕ್ಕಿತು. ಹನ್ನೊಂದು ಮನೆ. ಸರ್ಕಾರದವರು ಸೈರನ್ ಕೂಗಿಸಿ ಯುದ್ಧದ ಅಣಕು ಕವಾಯತು ಮಾಡಿಸಿದ್ದನ್ನು ಟೀವಿಯಲ್ಲಿ ಕಂಡದ್ದೇ ತಡ, ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸ್ಟೀಲ್ ತಟ್ಟೆಯನ್ನು ಸೌಟಿನಲ್ಲಿ ಬಡಿಯತೊಡಗಿದಳು. ತಟ್ಟೆ ಕೇಳಿದ ಎರಡೇ ನಿಮಿಷದಲ್ಲಿ ಎಲ್ಲರೂ ಬೀದಿಕೊನೆಯ ಬೇವಿನ ಮರದ ಕೆಳಗಿರಬೇಕು. ಮೊದಲ ಸಲ ನಾನು ಗಾಬರಿಯಲ್ಲಿ ಟೀವಿ ರಿಮೋಟ್ ಹಿಡಿದು ಓಡಿದೆ.

"ಲೇ, ಬಾಂಬ್ ಬಿದ್ರೆ ಚಾನೆಲ್ ಬದಲಾಯಿಸ್ತೀಯೇನ್ಲಾ?"

ಇವತ್ತಿಗೂ ಬೀದಿಯಲ್ಲಿ ನನ್ನ ಹೆಸರು ರಿಮೋಟು.

ಇಷ್ಟೆಲ್ಲ ಏರ್ಪಾಡಿನ ನಡುವೆ ಮುಖ್ಯ ಚಿಂತೆ ನಮ್ಮಮ್ಮ, ಅಂದರೆ ಅವಳ ಅಕ್ಕ. ಸೊಂಟ ಮುರಿದುಕೊಂಡು ಹಿಂದಿನ ಕೋಣೆಯಲ್ಲಿ ಮಲಗಿದವಳು ಏಳಲಾರಳು. ಅವಳನ್ನು ಕರಿ ಕಂಬಳಿಯಲ್ಲಿ ಮಲಗಿಸಿ, ನಾಲ್ಕು ಮೂಲೆ ಹಿಡಿದು ನಾಲ್ವರು ಹೊರತರಬೇಕು. ಕಂಬಳಿಯನ್ನು ಕುರಿ ಸಾಕುವವರ ಮನೆಗೇ ಹೋಗಿ, ಎಳೆದೆಳೆದು ನೋಡಿ ತಂದಿದ್ದಳು. ಕವಾಯತಿನಲ್ಲಿ ಅಮ್ಮನ ಬದಲು ಮಲಗುವವರು ನಮ್ಮ ಚಿಕ್ಕಪ್ಪ. ಅಮ್ಮನ ಎರಡರಷ್ಟು ತೂಕ!

"ಇವರನ್ನ ಎತ್ತಿ ಅಭ್ಯಾಸ ಆಗ್ಬುಟ್ರೆ ಅಕ್ಕ ಹೂವು ಕಣ್ಲಾ."

ಚಿಕ್ಕಪ್ಪನಿಗೆ ಮಾತ್ರ ಭಾನುವಾರವೆಂದರೆ ಹಬ್ಬ. ಬೇವಿನ ಮರ ಮುಟ್ಟುವಷ್ಟರಲ್ಲಿ ಗೊರಕೆ.

ಹೋದ ಮಳೆಗಾಲದಲ್ಲಿ ಒಂದು ವಾರ ಬಿಡದೆ ಸುರಿಯಿತು. ಬುಧವಾರ ಸಂಜೆ ತಟ್ಟೆ ಸದ್ದಾಯಿತು. ಭಾನುವಾರವಲ್ಲವಲ್ಲ ಎಂದು ನಾನು ಕಾಫಿ ಲೋಟ ಹಿಡಿದೇ ಕೂತಿದ್ದೆ. ನೆನೆದು ತೊಪ್ಪೆಯಾದ ಚಿಕ್ಕಮ್ಮ ಒಳನುಗ್ಗಿ, "ಹಿಂದ್ಲ ಗೋಡೆ ಬಾಯಿ ಬಿಟ್ಟೈತೆ, ಏಳ್ಲಾ!" ಎಂದಳು. ಅವಳ ಹಿಂದೆಯೇ ಪಕ್ಕದ ಮನೆಗಳ ಮೂವರು. ಕಂಬಳಿ, ನಾಲ್ಕು ಮೂಲೆ, ನಾಲ್ಕು ಜನ. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಅಮ್ಮ ನಿಜವಾಗಿಯೂ ಹೂವು! ಮರದ ಕೆಳಗೆ ಅವಳನ್ನು ಇಳಿಸುತ್ತಿದ್ದಂತೆ ಹಿಂದೆ ಧೊಪ್ಪೆಂದಿತು. ಅಮ್ಮ ಮಲಗಿದ್ದ ಮಂಚದ ಮೇಲೆ ಗೋಡೆ ಬಿದ್ದಿತ್ತು.

ಚಿಕ್ಕಮ್ಮ ವಾಚು ನೋಡಿ, "ಮೂರು ನಿಮಿಷ. ಕಾಫಿ ಲೋಟ ಕೆಳಗಿಡಾಕೇ ಒಂದು ನಿಮಿಷ ತಗಂಡೆ ನೀನು" ಎಂದಳು. ಅಬ್ಬಾ, ಇವಳ ಕಾಲಿಗೆ ಬೀಳಬೇಕೆನಿಸಿತು. ಕೆಸರಿನಲ್ಲೇ ಬಿದ್ದೆ.

ಮರುದಿನ ಅವಳ ಕವಾಯತಿನ ನೋಟ್ ಪುಸ್ತಕ ತೆರೆದು ನೋಡಿದೆ. ಹನ್ನೊಂದು ಮನೆಯ ಎಲ್ಲರ ಹೆಸರು. ಯಾರಿಗೆ ಕಿವಿ ಮಂದ, ಯಾರ ಮನೆಯ ಚಿಲಕ ಬಿಗಿ, ಏಳಲಾಗದವರನ್ನು ಎತ್ತುವವರು ಯಾರು, ಎಲ್ಲವೂ ಇತ್ತು. ಅವಳ ಹೆಸರೇ ಇರಲಿಲ್ಲ.

"ನಿನ್ನ ಎತ್ತೋರು ಯಾರು ಚಿಕ್ಕಮ್ಮ?"

"ನಾನು ತಟ್ಟೆ ಬಡೀತಿರ್ತೀನಿ. ನನ್ನ ಯಾಕ್ಲಾ ಎತ್ತಬೇಕು?"

ಅವಳಿಗೆ ಮಕ್ಕಳಿಲ್ಲ. ಅದನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡವಳಲ್ಲ. ನಾನು ಪೆನ್ನು ತೆಗೆದು ಕೊನೆಯಲ್ಲಿ ಅವಳ ಹೆಸರು ಬರೆದೆ, ಎದುರಿಗೆ ನನ್ನದು. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದಳು.

"ನಿಂಗೇ ಬೆನ್ನುನೋವು. ಮಿಕ್ಕ ಮೂರು ಮೂಲೆಗೆ ಯಾರು?"

ಮುಂದಿನ ಭಾನುವಾರ ತಟ್ಟೆ ಚಿಕ್ಕಪ್ಪನ ಕೈಯಲ್ಲಿತ್ತು. ಕಂಬಳಿಯಲ್ಲಿ ಚಿಕ್ಕಮ್ಮ! ಆ ಮೂರು ಮೂಲೆಗೆ ಇಡೀ ಬೀದಿ ಕಿತ್ತಾಡಿತು. ಎತ್ತಿದರೆ, ಅಮ್ಮನಿಗಿಂತಲೂ ಹಗುರ. ಇಷ್ಟೇ ಇಷ್ಟು ಜೀವವೇ ಎಂದು ನನಗೆ ಅಳು ಬಂದುಬಿಟ್ಟಿತು.

"ಬಾಗ್ಲತ್ರ ತಲೆ ಹುಷಾರು ಕಣ್ರೋ," ಎಂದಷ್ಟೇ ಅಂದಳು, ಸೆರಗಿನಿಂದ ಮುಖ ಮುಚ್ಚಿಕೊಂಡು. ಎಷ್ಟು ನಿಮಿಷ ಆಯಿತು ಎಂದು ಅವತ್ತು ಕೇಳಲೇ ಇಲ್ಲ.