ಷಡ್ಡಕನ ದವಡೆ, ನನ್ನ ನಲ್ಲಿ ಮೂಳೆ

ಜನ ಇನ್ನೊಬ್ಬರ ಮನೆ, ಸೈಟು, ಚಿನ್ನ ನೋಡಿ ಹೊಟ್ಟೆ ಉರಿದುಕೊಳ್ಳುತ್ತಾರೆ. ನಾನು ಇನ್ನೊಬ್ಬರ ಕಾಯಿಲೆ ನೋಡಿ ಉರಿದುಕೊಂಡವನು. ನಗಬೇಡಿ, ಕಾಯಿಲೆಗೂ ಯೋಗ ಬೇಕು. ನನಗೆ ಬರುವುದೆಲ್ಲ ನೆಗಡಿ, ಭೇದಿ. ಅದರ ಹೆಸರು ಹೇಳಿದರೆ ಯಾರೂ ಕೂರಲು ಕುರ್ಚಿ ಕೊಡುವುದಿಲ್ಲ. ನನ್ನ ಷಡ್ಡಕ ಮಾದೇವನಿಗೆ ಮಾತ್ರ ನಲವತ್ತು ದಾಟಿದ ಮೇಲೆ ಎಡಿಎಚ್‌ಡಿ ಎಂಬ ಇಂಗ್ಲಿಷ್ ಕಾಯಿಲೆ ಒಲಿಯಿತು.

ಮಾದೇವ ಹನೂರಿನಲ್ಲಿ ಟ್ರಾಕ್ಟರ್ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಗಿರಾಕಿಗೆ ಬೋಲ್ಟು ತರಲು ಒಳಗೆ ಹೋದವನು ಅಲ್ಲೇ ಹಳೇ ಫ್ಯಾನು ಬಿಚ್ಚುತ್ತ ಕೂರುತ್ತಾನೆ. ಕೊಳ್ಳೇಗಾಲಕ್ಕೆ ಬೈಕಿನಲ್ಲಿ ಬಂದು ಬಸ್ಸಿನಲ್ಲಿ ವಾಪಸ್ಸು ಹೋಗಿದ್ದಾನೆ. ನಾವೆಲ್ಲ ತಿಕ್ಕಲು ಅಂದುಕೊಂಡಿದ್ದೆವು. ದವಡೆ ನೋವೆಂದು ಹಲ್ಲಿನ ಡಾಕ್ಟರ ಹತ್ತಿರ ಹೋದರೆ, ಅವರು ಅವನ ಸವೆದ ಹಲ್ಲು ನೋಡಿ, ನಾಲ್ಕು ಮಾತು ಕೇಳಿ, ಮೈಸೂರಿನ ಮನೋವೈದ್ಯರ ಬಳಿ ಕಳಿಸಿದರು. ಎಡಿಎಚ್‌ಡಿ ಎಂದು ಹೆಸರಿಟ್ಟವರು ಆ ಮನೋವೈದ್ಯರೇ. ಮನಸ್ಸು ಒಂದು ಕಡೆ ನಿಲ್ಲದವರಲ್ಲಿ ಕೆಲವರು ತಮಗೇ ತಿಳಿಯದೆ ಹಲ್ಲು ಕಚ್ಚುತ್ತಾರಂತೆ, ದವಡೆ ನೋವು ಜೊತೆಗೇ ಬರಬಹುದಂತೆ. ಅಂದಿನಿಂದ ತಿಕ್ಕಲು ಮಾದೇವ ಹೋಗಿ ಪಾಪದ ಮಾದೇವನಾದ.

ಆಗಲಿ ಬಿಡಿ. ಆದರೆ ಅವನ ಕಾಯಿಲೆ ನನ್ನ ತಟ್ಟೆಗೇ ಕೈ ಹಾಕಿತು. ಯಳಂದೂರಿನ ನಮ್ಮ ಮಾವನ ಮನೆಯಲ್ಲಿ ಮಾಂಸದ ಸಾರು ಮಾಡಿದರೆ, ಒಳಗೆ ಮಜ್ಜೆ ತುಂಬಿದ ನಲ್ಲಿ ಮೂಳೆ ಹಿರಿಯ ಅಳಿಯನಿಗೇ. ಮದುವೆಯಾದಾಗಿನಿಂದ ಅದನ್ನು ಸೊರ್‍ರನೆ ಹೀರಿದವನು ನಾನು. ಕಳೆದ ಮಾರ್ನಮಿಗೆ ನಮ್ಮತ್ತೆ ಅದನ್ನು ಮಾದೇವನ ತಟ್ಟೆಗೆ ಹಾಕಿಬಿಟ್ಟರು.

“ಪಾಪ, ಅವ್ರ್ಗೆ ದವ್ಡೆ ನೋವು, ಅಗಿಯಕ್ಕಾಗಕಿಲ್ಲ. ಮೂಳೆನಾದ್ರೂ ಈರ್ಕಳ್ಲಿ. ನಿಮ್ಗೇನು, ಕಲ್ಲು ಕೊಟ್ರೂ ಅಗೀತೀರಿ” ಅಂದರು.

ಅವನು ಹೀರಿದ, ನಾನು ಹಲ್ಲು ಕಡಿದೆ. ತಿಂಗಳುಗಟ್ಟಲೆ ಕಡಿದು ನನಗೂ ದವಡೆ ನೋವು ಬಂತು. ಖುಷಿಯಿಂದ ಅದೇ ಡಾಕ್ಟರ ಹತ್ತಿರ ಓಡಿದೆ. ಸಾಮಾನು ಕಳೆಯುತ್ತೀರಾ, ಕೆಲಸ ಅರ್ಧಕ್ಕೇ ಬಿಡುತ್ತೀರಾ ಎಂದೆಲ್ಲ ಕೇಳಿದರು. ಹಾಳಾದ್ದು, ಒಂದಕ್ಕೂ ಹೌದೆನ್ನಲಾಗಲಿಲ್ಲ.

“ನಿಮ್ಗೆ ಅದೇನೂ ಇದ್ದಂಗಿಲ್ಲ ಸಾ, ಹಲ್ಲು ಮಾತ್ರ ಜೋರಾಗಿ ಕಚ್ತಿದ್ದೀರಿ. ಯಾವಾಗ ಜಾಸ್ತಿ?”

ಷಡ್ಡಕನ ಮುಖ ಕಂಡಾಗ ಎನ್ನಲಾದೀತೇ? “ಹಬ್ಬದಲ್ಲಿ” ಎಂದೆ.

ಆದರೂ ನೋವು ನಿಜವಲ್ಲವೇ? ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಬಾಡೂಟಕ್ಕೆ, ಕೆನ್ನೆಗೆ ಟವಲು ಕಟ್ಟಿಕೊಂಡೇ ಯಳಂದೂರಿಗೆ ಹೋದೆ. ಅತ್ತೆ ಗಾಬರಿಯಾದರು. ಕರುಣೆ ಇನ್ನಷ್ಟು ಉಕ್ಕಲಿ ಎಂದು, ಬಾಯೇ ಬಿಡಲಾಗುವುದಿಲ್ಲ ಎಂದು ಕೈಸನ್ನೆ ಮಾಡಿದೆ. ನನ್ನ ಹೆಂಡತಿ ಅನುಮಾನದಿಂದ ನೋಡಿದಳು.

ಎಲ್ಲರ ಮುಂದೆ ತಟ್ಟೆ ಬಂತು, ನನ್ನ ಮುಂದೆ ಒಂದು ಲೋಟ ರಾಗಿ ಅಂಬಲಿ. ಔಷಧಿಯಿಂದ ಸುಧಾರಿಸಿದ್ದ ಮಾದೇವ ಕಟಕಟನೆ ಅಗಿಯುತ್ತಿದ್ದ. ನಲ್ಲಿ ಮೂಳೆ ಅಭ್ಯಾಸಬಲದಿಂದ ಅವನ ತಟ್ಟೆಗೇ ಬಿದ್ದಿತ್ತು. ಅವನು ಅದನ್ನೆತ್ತಿ ನನ್ನತ್ತ ಚಾಚಿದ. “ತಕ್ಕಳಿ ಅಣ್ಣ, ನಂಗೆ ಇದು ಮೊದ್ಲಿಂದ್ಲೂ ಸೇರಕಿಲ್ಲ. ಅತ್ತೆ ಬೇಜಾರಾಯ್ತಾರೆ ಅಂತ ತಿಂತಿದ್ದೆ.”

ನಾನು ಕೈ ಚಾಚುವಷ್ಟರಲ್ಲಿ ಅತ್ತೆ ಅಡ್ಡ ಬಂದರು. “ಅಯ್ಯೋ, ಬಾಯೇ ಬಿಡಕ್ಕಾಗ್ದೋರ್ಗೆ ಮೂಳೆನಾ? ಕೊಡ್ಬ್ಯಾಡಿ!” ಎಂದು ಅದನ್ನು ನನ್ನ ಹೆಂಡತಿಯ ತಟ್ಟೆಗೆ ಹಾಕಿದರು.

ಅವಳು ನನ್ನನ್ನೇ ನೋಡುತ್ತ ಸೊರ್‍ರನೆ ಹೀರಿದಳು. ಅಂಬಲಿ ಕುಡಿಯಲು ಹಲ್ಲು ಬೇಕಿಲ್ಲ. ಆದರೂ ನಾನು ಕಚ್ಚಿಕೊಂಡೇ ಕುಡಿದೆ.