ನಲವತ್ತನೇ ಚುಕ್ಕಿ

ಮನುಷ್ಯರನ್ನು ಚುಕ್ಕಿ ಮಾಡಿ, ಯಾರು ಯಾರ ಮಾತು ಕೇಳುತ್ತಾರೆಂದು ಗೆರೆ ಎಳೆಯುವುದು ನನ್ನ ಕೆಲಸ. ಚುಕ್ಕಿಗಳು ಬಾಯಿಬಿಟ್ಟರೆ ಏನಾದರೊಂದು ಆಗಿಯೇ ಆಗುತ್ತದೆ. ಎಸ್ಸೆಸ್ಸೆಲ್ಸಿಗೇ ಓದು ನಿಂತಿತ್ತು. ಈ ವಿದ್ಯೆಯನ್ನು ಪುಸ್ತಕ ಎರವಲು ತಂದು ನಾನೇ ಕಲಿತೆ. ಹಾಸನದ ಕೃಷಿ ಅಧಿಕಾರಿಗೆ ಅದಕ್ಕೇ ನನ್ನ ಮೇಲೆ ಅನುಮಾನ. "ಬೆಳೆಗೆ ರೋಗ ಬಂದ್ರೆ ಜನ ಯಾರನ್ನ ಕೇಳ್ತಾರೆ ಅಂತ ನಕ್ಷೆ ಮಾಡಿ ತನ್ನಿ. ಸರಿಯಿದ್ರೆ ನಾಲ್ಕು ತಾಲ್ಲೂಕಿನ ಕೆಲಸ ನಿಮಗೆ, ಇಲ್ಲದಿದ್ರೆ ಡಿಗ್ರಿ ಇರೋರಿಗೆ" ಅಂದರು.

ಅರಕಲಗೂಡು

ಶುಂಠಿ ಹೊಲದಲ್ಲಿದ್ದ ರೈತನನ್ನು ಕೇಳಿದೆ.

"ಯಾರನ್ನೂ ಕೇಳಾಕಿಲ್ಲ ಕಣವ್ವ. ಎಲ್ಲಾ ನಂದೇ ತಲೆ" ಅಂದ. ಆಮೇಲೆ ಬೇಲಿಯಾಚೆ ತಿರುಗಿ ಕೂಗಿದ: "ಅಂಗೇ ಅಲ್ವೇನ್ಲಾ?"

ಬೇಲಿಯಾಚೆಗೆ ಗೆರೆ ಎಳೆದೆ.

ಹೊಳೆನರಸೀಪುರ

ನಿವೃತ್ತ ಮೇಷ್ಟ್ರೊಬ್ಬರು ನಕ್ಷೆಯಲ್ಲಿ ತಮ್ಮ ಚುಕ್ಕಿ ಹುಡುಕಿದರು. ಅದು ಅಂಚಿನಲ್ಲಿ ಒಂಟಿಯಾಗಿತ್ತು.

"ನನ್ನ ಯಾಕಮ್ಮ ಮೂಲೆಗೆ ಹಾಕಿದೀರಿ? ನಾಲ್ಕು ಗೆರೆ ಜಾಸ್ತಿ ಎಳೀರಿ. ನಾನು ಯಾರಿಗೂ ಹೇಳಲ್ಲ."

"ನೀವು ಯಾರಿಗೂ ಏನೂ ಹೇಳದೇ ಇರೋದಕ್ಕೇ ಸಾರ್, ಅಲ್ಲಿರೋದು."

ಚನ್ನರಾಯಪಟ್ಟಣ ಕಡೆಯ ಒಂದು ಊರು

ಈ ಊರಿನ ಹೆಂಗಸರ ಉತ್ತರ ಸೇರಿಸಿದ ಮೇಲೆ ನಕ್ಷೆಯ ನಡುವೆ ಒಂದು ಚುಕ್ಕಿ ರಾಗಿಮುದ್ದೆಯ ಹಾಗೆ ಊದಿಕೊಂಡಿತು. ಹಾಸನದ ಮೀಟಿಂಗಿನಲ್ಲಿ ಅದನ್ನು ನೋಡಿ ಅಧಿಕಾರಿ ಎದ್ದೇ ನಿಂತರು.

"ಈ ನಲವತ್ತನೇ ನಂಬರ್ ಯಾರ್ರೀ? ಇಡೀ ಊರು ಇವನನ್ನೇ ಕೇಳುತ್ತೆ. ಇವನನ್ನೇ ಊರಿನ ರೈತ ಸಮಿತಿ ಅಧ್ಯಕ್ಷ ಮಾಡೋಣ."

ಹೆಸರಿನ ಪಟ್ಟಿ ತೆಗೆದೆ. ನಲವತ್ತು: "ನಮ್ಮನೆಯವ್ರು".

ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೇಳಿದ್ದನ್ನು ಹೇಳಿದಂತೆ ಬರೆದಿದ್ದೆ. ಕಂಪ್ಯೂಟರು ಊರಿನ ಗಂಡಂದಿರನ್ನೆಲ್ಲ ಕಲಸಿ ಒಬ್ಬನನ್ನು ಮಾಡಿತ್ತು. ಅದೇ ಕೆಲಸಕ್ಕೆ ಕಾದು ಕೂತಿದ್ದ ಡಿಗ್ರಿಯವರು ಮುಸಿಮುಸಿ ನಕ್ಕರು.

"ತಪ್ಪು ನಂದೇ ಸಾರ್, ತಿದ್ದೋಳೂ ನಾನೇ" ಅಂದು ಅಲ್ಲೇ ಆ ಚುಕ್ಕಿ ಅಳಿಸಿದೆ. ಅದರ ಹಿಂದೆ ಅಡಗಿದ್ದ ಇನ್ನೊಂದು ಕಂಡಿತು: ಹಿಟ್ಟಿನ ಗಿರಣಿ ನಡೆಸುವ ಹೆಂಗಸು. ಹಿಟ್ಟು ಬೀಸಿಸಲು ಬಂದವರೆಲ್ಲ ಅವಳನ್ನೂ ಕೇಳುತ್ತಿದ್ದರು.

ಅಧಿಕಾರಿಗೆ ನಂಬಿಕೆ ಬರಲಿಲ್ಲ. ಎಲ್ಲರಿಗೂ ಕೇಳುವಂತೆ ಅವಳಿಗೆ ಫೋನ್ ಮಾಡಿಸಿದರು. "ಬೆಳೆಗೆ ರೋಗ ಬಂದ್ರೆ ಏನ್ ಮಾಡ್ಬೇಕಮ್ಮ?"

"ನಂಗೇನ್ ಗೊತ್ತು ಸಾ. ನಮ್ಮನೆಯವ್ರನ್ನ ಕೇಳಿ."

ಡಿಗ್ರಿಯವರ ಮುಖ ಅರಳಿತು.

"ಅವರ ಹೆಸರೇನಮ್ಮ?"

"ತಡೀರಿ ಸಾ, ಅವರ ಕೈಗೇ ಕೊಡ್ತೀನಿ."

ಗಂಡ ಬಂದ. ಅಧಿಕಾರಿ ಅದೇ ಪ್ರಶ್ನೆ ಕೇಳಿದರು.

"ಅದ್ನೆಲ್ಲ ನನ್ ಕೇಳಿದ್ರೆ ಎಂಗೆ ಸಾ? ನಾನೇ ಇವಳನ್ನ ಕೇಳೋದು."

ಅಧಿಕಾರಿ ಫೋನಿಟ್ಟು ಪೆನ್ನು ತೆಗೆದರು. ನಾಲ್ಕೂ ತಾಲ್ಲೂಕು ನನಗೇ.